ಚೆಸ್ ವಿಡಿಯೊ: ನೋಡುವವರು ಹೆಚ್ಚಿದರು, ಕಲಿಯುವವರು?

ಬೋಧನಾಭ್ಯಾಸಕ್ಕೆ ಹೋದ ಶಾಲೆಗಳಲ್ಲಿ ಊಟದ ಬಿಡುವಿನ ಹೊತ್ತಿಗೆ ಒಂದು ಸುತ್ತು ಹಾಕಿದರೆ ಚೆಸ್ ಎಷ್ಟು ಹಬ್ಬಿದೆ ಎಂಬುದು ಗೊತ್ತಾಗುತ್ತದೆ. ಮೆಟ್ಟಿಲ ಮೇಲೆ, ಬೇವಿನ ಮರದ ಕಟ್ಟೆಯ ಮೇಲೆ ರಟ್ಟಿನ ಬೋರ್ಡ್ ಹರಡಿಕೊಂಡ ಇಬ್ಬರು, ಸುತ್ತ ಸಲಹೆ ಕೊಡುವ ಹತ್ತು ಜನ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳ ರಸ್ತೆಗಳಲ್ಲಿ ಸಂಗೀತ, ಭರತನಾಟ್ಯ, ಅಬ್ಯಾಕಸ್ ತರಗತಿಗಳ ಫಲಕಗಳ ಪಕ್ಕದಲ್ಲಿ ಈಗ ಚೆಸ್ ತರಗತಿಯ ಫಲಕವೂ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಬುಡಾಪೆಸ್ಟ್ ಒಲಿಂಪಿಯಾಡ್‌ನಲ್ಲಿ ಭಾರತ ಮುಕ್ತ ಹಾಗೂ ಮಹಿಳಾ ಎರಡೂ ವಿಭಾಗಗಳಲ್ಲಿ ಚಿನ್ನ ಗೆದ್ದಿತು. ಅದೇ ಡಿಸೆಂಬರ್ 12ರಂದು ಸಿಂಗಪುರದಲ್ಲಿ 18 ವರ್ಷದ ಗುಕೇಶ್ ವಿಶ್ವ ಚಾಂಪಿಯನ್ ಆದರು. ಮಕ್ಕಳಿಗೆ ಆಸೆ ಹುಟ್ಟಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಈ ಮಕ್ಕಳು ಆಟವನ್ನು ಎಲ್ಲಿ ಕಲಿಯುತ್ತಾರೆ? ಶುಲ್ಕ ಕಟ್ಟಬಲ್ಲ ಮನೆಯ ಮಗುವಿಗೆ ತರಬೇತುದಾರರು ಇದ್ದಾರೆ. ಉಳಿದವರಿಗೆ ಇರುವುದು ಅಪ್ಪನದೋ ಅಣ್ಣನದೋ ಮೊಬೈಲು, ಅದರಲ್ಲಿ ಬರುವ ವಿಡಿಯೊ. ಹಾಗಾಗಿ ಚೆಸ್ ವಿಡಿಯೊಗಳ ಗುಣಮಟ್ಟ ಚೆಸ್ ಪ್ರಿಯರಿಗೆ ಮಾತ್ರ ಬಿಟ್ಟ ವಿಷಯವೆಂದು ನನಗೆ ಅನ್ನಿಸುವುದಿಲ್ಲ. ಶಿಕ್ಷಕರಿಲ್ಲದ ಮಗುವಿಗೆ ವಿಡಿಯೊವೇ ಶಿಕ್ಷಕ. ಆ ಶಿಕ್ಷಕನ ಪಾಠ ಹೇಗಿದೆ ಎಂದು ನೋಡುವುದು ನಮ್ಮ ಕೆಲಸವೂ ಹೌದು.

ನನ್ನ ಅಭಿಪ್ರಾಯ ಇಷ್ಟು: ಜನಪ್ರಿಯತೆ ಹೆಚ್ಚಿದಂತೆ ಚೆಸ್ ವಿಡಿಯೊಗಳು ನೋಡಲು ಚೆನ್ನಾದವು, ಕಲಿಯಲು ಬಡವಾದವು. ಅವು ಮೊದಲು ಕಳೆದುಕೊಂಡದ್ದು ಕಲಿಯುವವರಿಗೆ ಯೋಚಿಸಲು ಕೊಡುವ ಬಿಡುವನ್ನು.

ಜನ ಬಂದದ್ದು ಹೇಗೆ

ಆನ್‌ಲೈನ್ ಚೆಸ್ ಪಾಠಗಳು ಮೊದಲಿನಿಂದಲೂ ಇದ್ದವು. ಅಮೆರಿಕದ ಇಂಟರ್‌ನ್ಯಾಷನಲ್ ಮಾಸ್ಟರ್ ಜಾನ್ ಬಾರ್ತಲೊಮ್ಯೂ ಅವರ ಚೆಸ್ ಮೂಲತತ್ವಗಳ ಸರಣಿಯಲ್ಲಿ ಮೊದಲ ಪಾಠವೇ ರಕ್ಷಣೆಯಿಲ್ಲದೆ ನಿಂತ ಕಾಯಿಗಳ ಬಗ್ಗೆ. ಒಂದು ಪಾಠ, ಒಂದು ಕಲಿಕಾಂಶ. ಸೇಂಟ್ ಲೂಯಿ ಚೆಸ್ ಕ್ಲಬ್ಬಿನ ಉಪನ್ಯಾಸಗಳಲ್ಲಿ ಗ್ರ್ಯಾಂಡ್‌ಮಾಸ್ಟರ್‌ಗಳು ಗೋಡೆಯ ಬೋರ್ಡಿನ ಮುಂದೆ ನಿಂತು ಎದುರು ಕೂತವರನ್ನು ಕೇಳುತ್ತಾರೆ. ತಪ್ಪು ಉತ್ತರ ಬಂದರೆ ಅದನ್ನೇ ಬೋರ್ಡಿನ ಮೇಲೆ ಆಡಿ ತೋರಿಸುತ್ತಾರೆ. ಇದು ನಮ್ಮ ತರಗತಿಗೆ ತೀರಾ ಹತ್ತಿರದ ರೀತಿ.

2020ರ ಲಾಕ್‌ಡೌನ್ ಎಲ್ಲವನ್ನೂ ಬದಲಿಸಿತು. ಮನೆಯಲ್ಲಿ ಕೂತ ಜನ ಚೆಸ್ ಕಡೆ ತಿರುಗಿದರು. ಭಾರತದಲ್ಲಿ ಹಾಸ್ಯ ಕಲಾವಿದ ಸಮಯ್ ರೈನಾ ನೇರಪ್ರಸಾರದಲ್ಲಿ ಚೆಸ್ ಆಡತೊಡಗಿದರು. ಚೆಸ್ ಗೊತ್ತಿಲ್ಲದವರೂ ನೋಡಿದರು. ಆ ಅಕ್ಟೋಬರ್ 23ರಂದು ನೆಟ್‌ಫ್ಲಿಕ್ಸ್‌ನಲ್ಲಿ ‘ದಿ ಕ್ವೀನ್ಸ್ ಗ್ಯಾಂಬಿಟ್’ ಸರಣಿ ಬಂತು. ಅದಕ್ಕೆ ಒಂದು ತಿಂಗಳ ಮುಂಚೆ ಯೂಟ್ಯೂಬ್ ತನ್ನ ‘ಶಾರ್ಟ್ಸ್’ ಎಂಬ ಚುಟುಕು ವಿಡಿಯೊಗಳನ್ನು ಮೊದಲು ಪರಿಚಯಿಸಿದ್ದು ಭಾರತದಲ್ಲಿಯೇ. ಆಟ, ಪ್ರೇಕ್ಷಕರು, ಚುಟುಕು ವಿಡಿಯೊ ಮೂರೂ ಒಂದೇ ವರ್ಷದಲ್ಲಿ ಕೂಡಿಬಂದವು.

ಇದರ ಹಿಂದೆ ಲೆಕ್ಕಾಚಾರವೂ ಇದೆ. 2012ರಿಂದ ಯೂಟ್ಯೂಬ್ ವಿಡಿಯೊವನ್ನು ಎಷ್ಟು ಜನ ಒತ್ತಿದರು ಎಂಬುದಕ್ಕಿಂತ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ಹೆಚ್ಚು ತೂಕ ಕೊಡುತ್ತಿದೆ. 2018ರಿಂದ ಜಾಹೀರಾತಿನ ಹಣ ಬರಬೇಕಾದರೆ ಚಾನೆಲ್‌ಗೆ 1000 ಚಂದಾದಾರರು, ಒಂದು ವರ್ಷದಲ್ಲಿ 4000 ಗಂಟೆಗಳ ವೀಕ್ಷಣೆ ಇರಬೇಕೆಂದಾಯಿತು. 2020ರ ಜುಲೈನಲ್ಲಿ, ನಡುವೆ ಜಾಹೀರಾತು ತೂರಿಸಬಹುದಾದ ವಿಡಿಯೊದ ಕನಿಷ್ಠ ಅವಧಿ 10 ನಿಮಿಷದಿಂದ 8 ನಿಮಿಷಕ್ಕೆ ಇಳಿಯಿತು. ಇವು ವ್ಯಾಪಾರದ ನಿಯಮಗಳು. ಇವನ್ನು ಮಾಡಿದವರು ಚೆಸ್ ಪಾಠವನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ. ಆದರೆ ಪಾಠ ಮಾಡುವವರು ಇವುಗಳ ಒಳಗೇ ಬದುಕಬೇಕು.

ಒಂದು ಉದಾಹರಣೆ ಯೋಚಿಸಿ. ಇಬ್ಬರು ಮಕ್ಕಳು ಒಂದೇ ವಿಡಿಯೊ ನೋಡುತ್ತಿದ್ದಾರೆ. ಮೂರನೇ ನಿಮಿಷಕ್ಕೆ ಒಬ್ಬಳು ‘ಓ, ಹೀಗೋ!’ ಎಂದು ಮೊಬೈಲ್ ಪಕ್ಕಕ್ಕಿಟ್ಟು ಬೋರ್ಡಿನ ಮೇಲೆ ಆಡಿ ನೋಡಲು ಹೋಗುತ್ತಾಳೆ. ಇನ್ನೊಬ್ಬ ಬೇಸರವಾಗಿ ಎದ್ದುಹೋಗುತ್ತಾನೆ. ವೀಕ್ಷಣೆಯ ಲೆಕ್ಕದಲ್ಲಿ ಇಬ್ಬರೂ ಒಂದೇ: ಮೂರು ನಿಮಿಷಕ್ಕೆ ಬಿಟ್ಟುಹೋದವರು. ನಮ್ಮ ಮೌಲ್ಯಮಾಪನದಲ್ಲಿ ಅವಳಿಗೆ ಪೂರ್ತಿ ಅಂಕ, ಅವನಿಗೆ ಪಾಠ ಮತ್ತೆ ಮಾಡಬೇಕು. ಈ ಎರಡು ಅಳತೆಗೋಲುಗಳ ನಡುವಿನ ಅಂತರವೇ ಸಮಸ್ಯೆಯ ಬೇರು. ವಿಡಿಯೊ ಮಾಡುವವರ ದುರಾಸೆಯೇ ಕಾರಣ ಎನ್ನುವುದು ಸುಲಭ, ಆದರೆ ಸರಿಯಲ್ಲ.

ಬೋಧನಾ ಕೌಶಲಗಳ ಕಣ್ಣಿನಲ್ಲಿ

ಸೂಕ್ಷ್ಮ ಬೋಧನೆಯಲ್ಲಿ ನಾವು ಒಂದೊಂದು ಕೌಶಲವನ್ನು ಬಿಡಿಬಿಡಿಯಾಗಿ ಅಭ್ಯಾಸ ಮಾಡುತ್ತೇವೆ. ಅದೇ ವೀಕ್ಷಣಾ ಪಟ್ಟಿಯನ್ನು ಹಿಡಿದು ಇಂದಿನ ಜನಪ್ರಿಯ ಚೆಸ್ ವಿಡಿಯೊ ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಪೀಠಿಕಾ ಕೌಶಲಕ್ಕೆ ಹತ್ತಕ್ಕೆ ಹತ್ತು. ಮೊದಲ ಐದು ಸೆಕೆಂಡಿನಲ್ಲೇ ಹಿಡಿದು ಕೂರಿಸುತ್ತಾರೆ. ಪ್ರಚೋದನೆ ಬದಲಿಸುವ ಕೌಶಲಕ್ಕೂ ಅಷ್ಟೇ: ದನಿ, ಬಣ್ಣ, ಬಾಣದ ಗುರುತು, ಸಂಗೀತ ಎಲ್ಲ ಬದಲಾಗುತ್ತಲೇ ಇರುತ್ತವೆ. ಪ್ರಶ್ನಿಸುವ ಕೌಶಲಕ್ಕೆ ಬಂದಾಗ ಅಂಕ ಕುಸಿಯುತ್ತದೆ. ‘ಇಲ್ಲಿ ನೀವಾಗಿದ್ದರೆ ಏನು ಆಡುತ್ತಿದ್ದಿರಿ?’ ಎಂದು ಕೇಳುತ್ತಾರೆ, ಉಸಿರು ತೆಗೆಯುವ ಮೊದಲೇ ಉತ್ತರವನ್ನೂ ಹೇಳುತ್ತಾರೆ. ಸಮಾಪ್ತಿ ಕೌಶಲದ ಜಾಗದಲ್ಲಿ ‘ಲೈಕ್ ಮಾಡಿ, ಸಬ್‌ಸ್ಕ್ರೈಬ್ ಮಾಡಿ’ ಇರುತ್ತದೆ.

ಕೇಳಿದ ಮೇಲೆ ಕಾಯುವುದು ಸಣ್ಣ ವಿಷಯವಲ್ಲ. ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಗುರುತಿಸಿದ ಸಂಗತಿ ನಮಗೆ ಗೊತ್ತು: ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದವರೂ ಬಾಯಿ ಬಿಟ್ಟರು. ಚೆಸ್‌ನಲ್ಲಿ ಒಂದು ಸ್ಥಿತಿಯನ್ನು ಅರ್ಥ ಮಾಡಿಕೊಳ್ಳಲು ಮೂರು ಸೆಕೆಂಡು ಸಾಲದು, ಮೂರು ನಿಮಿಷ ಬೇಕು. ಜನಪ್ರಿಯ ವಿಡಿಯೊದಲ್ಲಿ ಮೂರು ಸೆಕೆಂಡಿನ ಮೌನವೂ ಅಪಾಯ. ಅಷ್ಟರಲ್ಲಿ ಬೆರಳು ಮುಂದಿನ ವಿಡಿಯೊಗೆ ಸರಿದಿರುತ್ತದೆ.

ಇದರ ಜೊತೆಗೆ ಪರದೆಯ ಅಂಚಿನಲ್ಲಿ ಕಪ್ಪು ಬಿಳುಪು ಪಟ್ಟಿಯೊಂದು ಏರಿಳಿಯುತ್ತಿರುತ್ತದೆ. ಯಾರು ಮುಂದಿದ್ದಾರೆ ಎಂದು ಕಂಪ್ಯೂಟರ್ ಲೆಕ್ಕ ಹಾಕಿ ತೋರಿಸುವ ಪಟ್ಟಿ ಅದು. ಪಂದ್ಯ ನೋಡುವವರಿಗೆ ಅದು ಕ್ರಿಕೆಟ್‌ನ ಸ್ಕೋರ್ ಬೋರ್ಡ್ ಇದ್ದಂತೆ, ಬೇಕೇ ಬೇಕು. ಕಲಿಯುವ ಮಗುವಿಗೆ ಅದು ಲೆಕ್ಕದ ಪಕ್ಕದಲ್ಲೇ ಅಚ್ಚಾದ ಉತ್ತರ. ನಡೆ ಒಳ್ಳೆಯದೋ ಕೆಟ್ಟದ್ದೋ ಎಂದು ತಾನೇ ತೂಗಿ ನೋಡುವ ಮೊದಲೇ ಪಟ್ಟಿ ಕೆಳಗಿಳಿದಿರುತ್ತದೆ. ಮಗು ಸ್ಥಿತಿಯನ್ನು ನೋಡುವುದನ್ನು ಬಿಟ್ಟು ಪಟ್ಟಿಯನ್ನು ನೋಡಲು ಕಲಿಯುತ್ತದೆ.

ಮುಖ ಉಳಿಯಿತು, ನಡೆ ಮರೆಯಿತು

ಗುಕೇಶ್ ವಿಶ್ವ ಚಾಂಪಿಯನ್ ಆದ 14ನೇ ಪಂದ್ಯದ ವಿಡಿಯೊ ತುಣುಕು ನೋಡದ ಮಕ್ಕಳು ಕಡಿಮೆ. ಎದುರಾಳಿಯ ತಪ್ಪು ಕಂಡಾಗ ಅರಳಿದ ಮುಖ, ಗೆದ್ದ ಮೇಲೆ ಉಕ್ಕಿದ ಕಣ್ಣೀರು. ಆ ತಪ್ಪು ಯಾವುದು, ಅದೇಕೆ ತಪ್ಪು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಆದರೆ ಅದು ಎಂಟನೇ ತರಗತಿಯ ಮಗುವಿಗೂ ಹೇಳಿಕೊಡಬಹುದಾದ ಪಾಠ. 55ನೇ ನಡೆಯಲ್ಲಿ ಡಿಂಗ್ ಲಿರೆನ್ ತಮ್ಮ ಆನೆಯನ್ನು ಎಫ್2 ಮನೆಗೆ ತಂದರು. ಗುಕೇಶ್ ಆನೆಗೆ ಆನೆ ಬದಲಿಸಿಕೊಂಡು, ತಮ್ಮ ಒಂಟೆಯನ್ನು ಡಿ5ರಲ್ಲಿ ಇಟ್ಟರು. ಎ8ರ ಮೂಲೆಯಲ್ಲಿದ್ದ ಡಿಂಗ್ ಅವರ ಒಂಟೆಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲ, ಅದೂ ಬದಲಾಗಲೇಬೇಕು. ಉಳಿದದ್ದು ಎರಡು ರಾಜರು, ಗುಕೇಶ್ ಕಡೆ ಎರಡು ಕಾಲಾಳು, ಡಿಂಗ್ ಕಡೆ ಒಂದು. ದೊಡ್ಡ ಕಾಯಿಗಳಿದ್ದಾಗ ಡ್ರಾ ಮಾಡಿಕೊಳ್ಳಬಹುದಾಗಿದ್ದ ಆಟ, ಅವು ಹೋದ ಮೇಲೆ ಸೋಲಾಯಿತು. ‘ಬದಲಿಸಿಕೊಳ್ಳುವ ಮೊದಲು, ಬದಲಾದ ಮೇಲೆ ಏನು ಉಳಿಯುತ್ತದೆ ನೋಡು’ ಎಂಬುದು ಇಲ್ಲಿನ ಕಲಿಕಾಂಶ. ಇದನ್ನು ವಿವರಿಸಿದ ವಿಡಿಯೊಗಳೂ ಇವೆ. ಮಕ್ಕಳ ಮೊಬೈಲಿಗೆ ತಾನಾಗಿ ಬಂದು ಬೀಳುವುದು ಮಾತ್ರ ಕಣ್ಣೀರಿನ ತುಣುಕು.

2025ರ ಜೂನ್ 1ರಂದು ನಾರ್ವೆ ಚೆಸ್‌ನಲ್ಲಿ ಗುಕೇಶ್ ಎದುರು ಸೋತ ಮ್ಯಾಗ್ನಸ್ ಕಾರ್ಲ್‌ಸನ್ ಮೇಜು ಗುದ್ದಿದ ದೃಶ್ಯವೂ ಹೀಗೆಯೇ. ಆ ಆಟದಲ್ಲಿ ಗುಕೇಶ್ ಬಹಳ ಹೊತ್ತು ಸೋಲುವ ಸ್ಥಿತಿಯಲ್ಲಿದ್ದರು. ಕೈಚೆಲ್ಲದೆ, ಎದುರಾಳಿಗೆ ಗೆಲುವು ಸುಲಭವಾಗದಂತೆ ಒಂದೊಂದೇ ನಡೆ ಹುಡುಕುತ್ತಾ ಹೋದದ್ದು ನಿಜವಾದ ಕಥೆ. ಮಕ್ಕಳು ಅನುಕರಿಸುವುದು ಗುದ್ದನ್ನು. ಬಿಡುವಿನ ಹೊತ್ತಿನಲ್ಲಿ ರಟ್ಟಿನ ಬೋರ್ಡುಗಳು ಹಾರುವುದನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ.

ನಮ್ಮ ಬಡಾವಣೆಗೇ ಸೇರಿದ ಒಂದು ಘಟನೆಯನ್ನೂ ಇಲ್ಲಿ ನೆನೆಯಬೇಕು. 2021ರ ಜೂನ್ 13ರಂದು ಕೋವಿಡ್ ನೆರವಿಗಾಗಿ ವಿಶ್ವನಾಥನ್ ಆನಂದ್ ಆನ್‌ಲೈನ್‌ನಲ್ಲಿ ಹಲವು ಗಣ್ಯರ ವಿರುದ್ಧ ಏಕಕಾಲಕ್ಕೆ ಆಡಿದರು. ನಟ ಸುದೀಪ್, ಆಮಿರ್ ಖಾನ್, ಕ್ರಿಕೆಟಿಗ ಯಜುವೇಂದ್ರ ಚಾಹಲ್ ಎದುರಾಳಿಗಳಲ್ಲಿದ್ದರು. ನಮ್ಮ ಶಾಲೆಗಳಿಗೆ ಬಿಸಿಯೂಟ ಕೊಡುವ ಅಕ್ಷಯ ಪಾತ್ರ ಪ್ರತಿಷ್ಠಾನಕ್ಕೆ ನಿಧಿ ಸಂಗ್ರಹಿಸುವ ಒಳ್ಳೆಯ ಉದ್ದೇಶ ಅದು. ಜೆ.ಪಿ. ನಗರದಲ್ಲಿ ಮುಖ್ಯ ಕಚೇರಿಯಿರುವ ಜೆರೋಧಾದ ಸಹ ಸಂಸ್ಥಾಪಕ ನಿಖಿಲ್ ಕಾಮತ್ ಆನಂದ್ ಅವರನ್ನು ಸೋಲಿಸಿದ್ದು ದೊಡ್ಡ ಸುದ್ದಿಯಾಯಿತು. ಆಟ ವಿಶ್ಲೇಷಿಸುತ್ತಿದ್ದವರ ಮತ್ತು ಕಂಪ್ಯೂಟರಿನ ನೆರವು ತಮಗಿತ್ತೆಂದು ಮರುದಿನ ಅವರೇ ಬಹಿರಂಗವಾಗಿ ಒಪ್ಪಿ ಕ್ಷಮೆ ಕೇಳಿದರು. ತಾವು ಬೋರ್ಡಿನ ಮೇಲಿದ್ದ ಸ್ಥಿತಿಯನ್ನಷ್ಟೇ ಆಡಿದ್ದಾಗಿಯೂ ಎಲ್ಲರಿಂದಲೂ ಅದನ್ನೇ ನಿರೀಕ್ಷಿಸಿದ್ದಾಗಿಯೂ ಆನಂದ್ ಹೇಳಿದರು. ಆ ವ್ಯಕ್ತಿಯನ್ನು ದೂರುವುದು ನನ್ನ ಉದ್ದೇಶವಲ್ಲ. ಅದು ಮುಗಿದ ಮಾತು. ನಾನು ಕೇಳುವುದು ಬೇರೆ: ಐದು ಬಾರಿಯ ವಿಶ್ವ ಚಾಂಪಿಯನ್ ಒಬ್ಬರು ಹೊಸಬರನ್ನು ಹೇಗೆ ಸೋಲಿಸುತ್ತಾರೆ ಎಂಬುದು ಅಂದು ಹಲವು ಬೋರ್ಡುಗಳ ಮೇಲೆ ನಡೆಯಿತು. ಶಿಕ್ಷಕರಿಗೆ ಅದಕ್ಕಿಂತ ಒಳ್ಳೆಯ ಕಲಿಕಾ ಸಾಮಗ್ರಿ ಯಾವುದಿದೆ? ಅದರ ಒಂದು ನಡೆಯಾದರೂ ನಮಗೆ ನೆನಪಿದೆಯೇ? ವಿವಾದ ನೆನಪಿದೆ.

ತರಗತಿಯಲ್ಲಿ ಕಾಣುವುದು

ಬನಶಂಕರಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಇಂಟರ್ನ್‌ಶಿಪ್ ಸಮಯದಲ್ಲಿ ನಾನು ಗಮನಿಸಿದ್ದನ್ನು ಹೇಳುತ್ತೇನೆ. ಎಂಟನೇ ತರಗತಿಯ ಹುಡುಗನೊಬ್ಬ ನಾಲ್ಕು ನಡೆಯಲ್ಲಿ ಗೆಲ್ಲುವ ಉಪಾಯವನ್ನು ಶಾರ್ಟ್ಸ್ ನೋಡಿ ಕಲಿತಿದ್ದ. ಒಂಟೆ ಹೊರಗೆ, ಮಕ್ಕಳು ಕ್ವೀನ್ ಎನ್ನುವ ಮಂತ್ರಿ ಹೊರಗೆ, ಎಫ್7ರ ಮೇಲೆ ದಾಳಿ. ವಾರವಿಡೀ ಎಲ್ಲರನ್ನೂ ಸೋಲಿಸಿದ. ಸೋಮವಾರ ಒಬ್ಬ ಹುಡುಗಿ ಕಾಲಾಳನ್ನು ಜಿ6ಕ್ಕೆ ತಳ್ಳಿ ಮಂತ್ರಿಯನ್ನು ಓಡಿಸಿದಳು, ಮುಂದಿನ ನಡೆಯಲ್ಲಿ ಕುದುರೆಯನ್ನು ಎಫ್6ಕ್ಕೆ ತಂದು ದಾರಿ ಮುಚ್ಚಿದಳು. ಅವಳ ಎರಡು ಕುದುರೆಗಳೂ ಹೊರಬಂದಿದ್ದವು. ಇವನ ಮಂತ್ರಿ ಎರಡು ಬಾರಿ ಓಡಾಡಿತ್ತು. ಐದನೇ ನಡೆಗೆ ಹುಡುಗ ನನ್ನ ಕಡೆ ನೋಡಿ, ‘ಮಿಸ್, ವಿಡಿಯೊ ಇಲ್ಲಿಗೇ ಮುಗಿಯುತ್ತೆ’ ಎಂದ.

ಈ ಒಂದು ಮಾತು ನಾನು ಹೇಳಬೇಕಾದ್ದನ್ನೆಲ್ಲ ಹೇಳುತ್ತದೆ. ಬಲೆ ಒಡ್ಡುವ ನಡೆಗಳು ಜನಪ್ರಿಯ, ಏಕೆಂದರೆ ಅವು ಅರವತ್ತು ಸೆಕೆಂಡಿನಲ್ಲಿ ಮುಗಿಯುತ್ತವೆ ಮತ್ತು ಕೊನೆಯಲ್ಲಿ ಗೆಲುವಿದೆ. ಆದರೆ ವಿಡಿಯೊ ಹೆಚ್ಚು ಜನರಿಗೆ ತಲುಪಿದಷ್ಟೂ ಬಲೆ ಗೊತ್ತಿರುವವರು ಹೆಚ್ಚುತ್ತಾರೆ, ಉಪಾಯದ ಬೆಲೆ ಇಳಿಯುತ್ತದೆ. ‘ಕಾಯಿಗಳನ್ನು ಬೇಗ ಹೊರತನ್ನಿ, ಮಂತ್ರಿಯನ್ನು ಅವಸರದಲ್ಲಿ ಓಡಿಸಬೇಡಿ’ ಎಂಬ ತತ್ವ ಎಷ್ಟು ಜನ ಕಲಿತರೂ ಸವೆಯುವುದಿಲ್ಲ. ನಾವು ಗಣಿತದಲ್ಲಿ ಶಾರ್ಟ್‌ಕಟ್ ಮತ್ತು ಸೂತ್ರದ ನಿರೂಪಣೆಯ ನಡುವೆ ಮಾಡುವ ಭೇದವೇ ಇದು.

ಆಟ ಬಲ್ಲವರ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧ. ನಿಜವಾದ ಆಟದ ಸ್ಥಿತಿಯನ್ನು ಐದು ಸೆಕೆಂಡು ತೋರಿಸಿದರೆ ಮಾಸ್ಟರ್ ಆಟಗಾರ ಹೆಚ್ಚಿನ ಕಾಯಿಗಳನ್ನು ಸರಿಯಾದ ಮನೆಯಲ್ಲಿ ಇಡಬಲ್ಲ. ಹೊಸಬನಿಗೆ ಕೆಲವೇ ನೆನಪಿರುತ್ತವೆ. ಕಾಯಿಗಳನ್ನು ಮನಸ್ಸಿಗೆ ಬಂದಂತೆ ಚೆಲ್ಲಿದ ಬೋರ್ಡ್ ತೋರಿಸಿದರೆ ಈ ವ್ಯತ್ಯಾಸ ಹೆಚ್ಚುಕಡಿಮೆ ಮಾಯ. ಮಾಸ್ಟರ್‌ಗೆ ಇರುವುದು ವಿಶೇಷ ನೆನಪಿನ ಶಕ್ತಿಯಲ್ಲ, ಅರ್ಥವಿರುವ ವಿನ್ಯಾಸಗಳ ಸಂಗ್ರಹ. ಒಂದರ ಹಿಂದೊಂದು ಸಂಬಂಧವಿಲ್ಲದ ನೂರು ಚುಟುಕು ನೋಡಿದ ಮಗುವಿಗೆ ಈ ಸಂಗ್ರಹ ಬೆಳೆಯುವುದು ಕಷ್ಟ. ಅದಕ್ಕೆ ಸರಳದಿಂದ ಸಂಕೀರ್ಣದೆಡೆಗೆ ಹೋಗುವ ಕ್ರಮ ಬೇಕು, ಪುನರಾವರ್ತನೆ ಬೇಕು.

‘ಮಕ್ಕಳಿಗೆ ಆ ವಿಡಿಯೊ ಇಷ್ಟ, ಅರ್ಥವಾಗುತ್ತದೆ ಅಂತಾರಲ್ಲ’ ಎನ್ನುವವರಿಗೆ ಇನ್ನೊಂದು ಅಧ್ಯಯನ. ವೆರಿಟಾಸಿಯಂ ಚಾನೆಲ್‌ನ ಡೆರೆಕ್ ಮುಲ್ಲರ್ 2008ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಬೋಧನೆಯ ವಿಡಿಯೊಗಳ ಮೇಲೆ ಪಿಎಚ್.ಡಿ. ಮಾಡಿದರು. ನೇರವಾದ, ಸೊಗಸಾದ ವಿವರಣೆ ನೋಡಿದ ವಿದ್ಯಾರ್ಥಿಗಳು ‘ಸ್ಪಷ್ಟವಾಗಿದೆ’ ಎಂದರು, ಆದರೆ ನಂತರದ ಪರೀಕ್ಷೆಯಲ್ಲಿ ಹೆಚ್ಚೇನೂ ಮುಂದುವರಿದಿರಲಿಲ್ಲ. ತಪ್ಪು ಕಲ್ಪನೆಗಳನ್ನು ಎತ್ತಿ ಚರ್ಚಿಸಿದ ವಿಡಿಯೊ ನೋಡಿದವರು ‘ಗೊಂದಲವಾಯಿತು’ ಎಂದರು, ಆದರೆ ಹೆಚ್ಚು ಕಲಿತಿದ್ದರು. ಇಷ್ಟವಾಗುವುದೂ ಕಲಿಯುವುದೂ ಒಂದೇ ಅಲ್ಲ.

ಜನಪ್ರಿಯತೆಯ ಒಳ್ಳೆಯ ಮುಖ

ಹಾಗೆಂದು ಜನಪ್ರಿಯತೆಯೇ ಕೆಟ್ಟದ್ದು ಎಂದು ನಾನು ಹೇಳಲಾರೆ. ಹಿಂದೆ ಬೆಂಗಳೂರಿನ ಮಗುವಿಗೆ ಗ್ರ್ಯಾಂಡ್‌ಮಾಸ್ಟರ್ ಒಬ್ಬರು ಯೋಚಿಸುವುದನ್ನು ಕೇಳುವ ಅವಕಾಶವೇ ಇರಲಿಲ್ಲ. ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ಡೇನಿಯಲ್ ನರೊಡಿಟ್ಸ್ಕಿ ಕೆಳಗಿನ ಮಟ್ಟದ ಆಟಗಾರರಿಂದ ಶುರುಮಾಡಿ ಮೇಲೇರುತ್ತಾ, ಪ್ರತಿ ನಡೆಯ ಹಿಂದಿನ ಯೋಚನೆಯನ್ನು ಗಟ್ಟಿಯಾಗಿ ಹೇಳುತ್ತಾ ಆಡಿದ ದೀರ್ಘ ವಿಡಿಯೊಗಳು ಇವತ್ತಿಗೂ ಉಚಿತವಾಗಿ ಸಿಗುತ್ತವೆ. ಅವರು 2025ರ ಅಕ್ಟೋಬರ್‌ನಲ್ಲಿ ಕೇವಲ 29ನೇ ವಯಸ್ಸಿಗೆ ತೀರಿಕೊಂಡಾಗ ಲೋಕದ ಎಲ್ಲ ಕಡೆಯಿಂದ ಶಿಷ್ಯರು ದುಃಖಿಸಿದರು. ಬಹುತೇಕರು ಅವರನ್ನು ಕಂಡವರೇ ಅಲ್ಲ. ‘ಗೋಥಂಚೆಸ್’ ಹೆಸರಿನ ಲೆವಿ ರೋಜ್‌ಮನ್ ಶಾಲಾ ಮಕ್ಕಳಿಗೆ ಚೆಸ್ ಕಲಿಸುತ್ತಿದ್ದವರು. ಅವರ ವಿಡಿಯೊಗಳ ಗದ್ದಲ ನನಗೆ ಹಿಡಿಸದು. ಆದರೂ ನೋಡುಗರು ಕಳಿಸಿದ ಆಟ ನೋಡಿ ಆಡಿದವರ ಮಟ್ಟ ಊಹಿಸುವ ಅವರ ಸರಣಿಯಲ್ಲಿ ನೋಡುವವರಿಗೂ ಒಂದು ಕೆಲಸವಿದೆ. ಗದ್ದಲದ ವಿಡಿಯೊದಿಂದ ಒಳಗೆ ಬಂದ ಮಗುವೇ ನಾಳೆ ದೀರ್ಘ ಪಾಠಕ್ಕೆ ಕೂರಬಹುದು. ಪೀಠಿಕೆ ಬೇಕು, ಪೀಠಿಕೆಯೇ ಇಡೀ ಪಾಠವಾಗಬಾರದು.

ಆದರೆ ಗದ್ದಲದಿಂದ ಪಾಠಕ್ಕೆ ದಾಟಿಸುವವರು ಬೇಕಲ್ಲ? ತರಬೇತುದಾರರಿರುವ ಮಗುವನ್ನು ಅವರು ದಾಟಿಸುತ್ತಾರೆ. ಸರ್ಕಾರಿ ಶಾಲೆಯ, ಕನ್ನಡ ಮಾಧ್ಯಮದ ಮಗುವಿಗೆ ಇನ್ನೊಂದು ಅಡ್ಡಿಯೂ ಇದೆ. ಕ್ರಮಬದ್ಧವಾದ ಒಳ್ಳೆಯ ಸರಣಿಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಭಾಷೆ ಬೇಡದ್ದು ಯಾವುದು? ಕಣ್ಣೀರು, ಗುದ್ದು, ಸಂಗೀತ. ಹಾಗಾಗಿ ಕಡಿಮೆ ಅನುಕೂಲವಿರುವ ಮಗುವಿಗೇ ಕಡಿಮೆ ಗುಣಮಟ್ಟದ್ದು ತಲುಪುತ್ತದೆ. ಕುದುರೆಯ ನಡೆಯಲ್ಲಿ ಇಡೀ ಬೋರ್ಡ್ ಸುತ್ತುವ ಸಮಸ್ಯೆಗಳನ್ನು ಬಿಡಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರ ನಾಡು ಇದು. ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಮೈಸೂರಿನ ಎಂ.ಎಸ್. ತೇಜ್‌ಕುಮಾರ್, 2022ರಲ್ಲಿ 16 ವರ್ಷದೊಳಗಿನವರ ವಿಶ್ವ ಚಾಂಪಿಯನ್ ಆದ ಪ್ರಣವ್ ಆನಂದ್ ಬೆಂಗಳೂರಿನವರು. ಆನೆ, ಒಂಟೆ, ಕುದುರೆ, ಕಾಲಾಳು ಎಂಬ ಪದಗಳಿರುವ ಭಾಷೆಯಲ್ಲಿ ಕ್ರಮವಾದ ಪಾಠಗಳು ಇಷ್ಟು ಕಡಿಮೆ ಇರಬೇಕಿಲ್ಲ.

ನಾವು ಮಾಡಬಹುದಾದದ್ದು

ವೇದಿಕೆಗಳ ನಿಯಮ ಬದಲಿಸುವುದು ನಮ್ಮ ಕೈಯಲ್ಲಿಲ್ಲ. ತರಗತಿಯಲ್ಲಿ, ಚೆಸ್ ಕ್ಲಬ್ಬಿನಲ್ಲಿ ವಿಡಿಯೊ ಬಳಸುವ ರೀತಿ ನಮ್ಮ ಕೈಯಲ್ಲಿದೆ. ಸಹ ಪ್ರಶಿಕ್ಷಣಾರ್ಥಿಗಳ ಮುಂದೆ ಕೆಲವು ಸಲಹೆಗಳು:

1. ವಿಡಿಯೊ ಪ್ರಶ್ನೆ ಕೇಳಿ ಕಾಯದಿದ್ದರೆ ನಾವೇ ನಿಲ್ಲಿಸಿ ಕಾಯೋಣ. ಎಲ್ಲಿ ನಿಲ್ಲಿಸಬೇಕೆಂದು ಪಾಠಯೋಜನೆಯಲ್ಲೇ ನಿಮಿಷ, ಸೆಕೆಂಡು ಬರೆದಿಟ್ಟುಕೊಳ್ಳೋಣ.

2. ಪರದೆಯ ಅಂಚಿನ ಕಪ್ಪು ಬಿಳುಪು ಪಟ್ಟಿಯನ್ನು ಒಂದು ಕಾಗದದ ತುಂಡಿನಿಂದ ಮುಚ್ಚೋಣ. ಯಾರು ಮುಂದಿದ್ದಾರೆ, ಏಕೆ ಎಂದು ಮಕ್ಕಳು ಹೇಳಿದ ಮೇಲೆ ತೆಗೆಯೋಣ.

3. ವಿಡಿಯೊ ಮುಗಿದ ಸ್ಥಿತಿಯನ್ನು ರಟ್ಟಿನ ಬೋರ್ಡಿನ ಮೇಲೆ ಜೋಡಿಸಿ, ‘ಇಲ್ಲಿಂದ ಮುಂದೆ ನೀವು ಆಡಿ’ ಎನ್ನೋಣ. ಮೌಲ್ಯಮಾಪನ ಶುರುವಾಗುವುದು ಇಲ್ಲಿ.

4. ಸೋತವರ ಕಡೆಯಿಂದಲೂ ಒಮ್ಮೆ ಆಟ ನೋಡೋಣ. ಅವರು ಆ ನಡೆ ಆಡಲು ಏನು ಯೋಚಿಸಿರಬಹುದು? ತಪ್ಪನ್ನು ನಗುವ ವಸ್ತುವಾಗಿ ಅಲ್ಲದೆ ಕಲಿಯುವ ವಸ್ತುವಾಗಿ ನೋಡುವುದು ಮಕ್ಕಳಿಗೆ ಗಣಿತದಲ್ಲೂ ಬೇಕು.

5. ಕನ್ನಡದಲ್ಲಿ ಆರು ನಿಮಿಷದ ಪಾಠಗಳನ್ನು ನಾವೇ ಮಾಡೋಣ. ಒಂದು ಬೋರ್ಡ್, ಮೇಲಿಂದ ಹಿಡಿದ ಒಂದು ಮೊಬೈಲ್, ಒಂದು ಕಲಿಕಾಂಶ ಸಾಕು. ನೂರು ಜನ ನೋಡಿದರೂ ಸಾಕು.

ಈ ಮಾತು ಚೆಸ್‌ಗೆ ಮಾತ್ರ ಸೀಮಿತವಲ್ಲ. ನಾವು ವಿಜ್ಞಾನ ಪಾಠಕ್ಕೆ ಆಯ್ದುಕೊಳ್ಳುವ ಎಷ್ಟೋ ವಿಡಿಯೊಗಳಲ್ಲಿ ಪ್ರಯೋಗದ ಫಲಿತಾಂಶ ಮೊದಲ ಹತ್ತು ಸೆಕೆಂಡಿನಲ್ಲೇ ಬಂದುಬಿಡುತ್ತದೆ. 5ಇ ಮಾದರಿಯಲ್ಲಿ ತೊಡಗಿಸಿಕೊಳ್ಳುವಿಕೆ ಆದ ಕೂಡಲೇ ವಿವರಣೆಗೆ ಹಾರುತ್ತೇವೆ. ನಡುವಿನ ಅನ್ವೇಷಣೆ ಬಿಟ್ಟುಹೋಗುತ್ತದೆ. ಜನಪ್ರಿಯ ವಿಡಿಯೊಗಳ ವೇಗಕ್ಕೆ ಒಗ್ಗಿದ ಮಕ್ಕಳು ನಮ್ಮ ಪಾಠವನ್ನು ನಿಧಾನ ಎನ್ನುತ್ತಾರೆ, ನಾವೂ ಅದೇ ವೇಗಕ್ಕೆ ಬೀಳುವ ಒತ್ತಡ ಇದ್ದೇ ಇರುತ್ತದೆ. ವಿಡಿಯೊಗೆ ಇಲ್ಲದ ಒಂದು ಅನುಕೂಲ ನಮಗಿದೆ: ನಾವು ಸುಮ್ಮನೆ ನಿಂತರೂ ನಮ್ಮ ಮಕ್ಕಳು ಬೇರೆ ಚಾನೆಲ್‌ಗೆ ಹೋಗಲಾರರು.

ಮುಂದಿನ ಬೋಧನಾಭ್ಯಾಸದ ಅವಧಿಯಲ್ಲಿ ಪ್ರತಿಯೊಬ್ಬರೂ ಒಂದು ವಿಡಿಯೊ ಆರಿಸಿ, ಅದನ್ನು ಎಲ್ಲಿ ನಿಲ್ಲಿಸಿದಿರಿ, ಆ ಮೌನದಲ್ಲಿ ಮಕ್ಕಳು ಏನೆಂದರು ಎಂಬುದನ್ನು ದಿನಚರಿಯಲ್ಲಿ ಬರೆಯಿರಿ ಎಂದು ಕೋರುತ್ತೇನೆ. ಅವನ್ನೆಲ್ಲ ಒಟ್ಟುಗೂಡಿಸಿದರೆ ಯಾವ ವಿಡಿಯೊ ಕಲಿಸುತ್ತದೆ, ಯಾವುದು ತೋರಿಸುತ್ತದಷ್ಟೇ ಎಂಬುದಕ್ಕೆ ನಮ್ಮದೇ ಆದ ಒಂದು ಪಟ್ಟಿ ಸಿದ್ಧವಾಗುತ್ತದೆ.